ಅಡಿಕೆ ಚೀಲದ ತೂಕ ಮತ್ತು ಪೈಥಾನ್

ಪ್ರಶ್ನೆ: ಅಡಿಕೆಯನ್ನು ಮಾರಾಟಕ್ಕೆ ಒಯ್ಯುವ ಮುನ್ನ ಪ್ರತಿ ಚೀಲದ ತೂಕ ಕೇಳಿಕೊಂಡು ಒಟ್ಟು ಹೇಳುವ ಸಣ್ಣ ಪ್ರೋಗ್ರಾಮೊಂದನ್ನು ಅಪ್ಪಯ್ಯನಿಗಾಗಿ ಪೈಥಾನ್‌ನಲ್ಲಿ ಬರೆದಿದ್ದೇನೆ. ಅಪ್ಪಯ್ಯ ‘65.5 ಕೆಜಿ’ ಎಂದು ಟೈಪ್ ಮಾಡಿದೊಡನೆ ಅದು ವ್ಯಾಲ್ಯೂಎರರ್ (ಕೊಟ್ಟ ಮೌಲ್ಯ ಸರಿಯಿಲ್ಲವೆಂಬ ದೋಷ) ತೋರಿಸಿ ನಿಂತುಹೋಯಿತು. ಇಸ್‌ಡಿಜಿಟ್ ಬಳಸಿ ತಿದ್ದಿದರೆ ಈಗ ಬರಿಯ 65.5 ಅನ್ನೂ ಒಪ್ಪುತ್ತಿಲ್ಲ. ಏನು ಮಾಡಲಿ?
– ಪಿಯುಸಿ ವಿದ್ಯಾರ್ಥಿನಿ, ಶಿರಸಿ

ಉತ್ತರ: ಇನ್‌ಪುಟ್ ಫಂಕ್ಷನ್ ಯಾವಾಗಲೂ ಸ್ಟ್ರಿಂಗನ್ನೇ, ಅಂದರೆ ಅಕ್ಷರಗಳ ಸರಣಿಯನ್ನೇ ಕೊಡುತ್ತದೆ, ಅದನ್ನು ಸಂಖ್ಯೆಯಾಗಿಸುವುದು ಫ್ಲೋಟ್. ಇಸ್‌ಡಿಜಿಟ್ ಎಲ್ಲ ಅಕ್ಷರಗಳೂ ಅಂಕಿಗಳೇ ಎಂಬುದನ್ನಷ್ಟೇ ನೋಡುವುದರಿಂದ, ನಡುವೆ ಬಿಂದು ಕಂಡೊಡನೆ ತಿರಸ್ಕರಿಸುತ್ತದೆ. ಬಿಂದುವನ್ನು ಅಳಿಸಿ ಪರೀಕ್ಷಿಸುವ ಉಪಾಯವನ್ನು ಕೆಲವರು ಹೇಳಿಕೊಡುತ್ತಾರೆ. ನನಗೆ ಅದು ಹಿಡಿಸದು. ಪರಿವರ್ತಿಸಬೇಕಾದದ್ದು ಫ್ಲೋಟ್ ಆದ್ದರಿಂದ ಆಗುತ್ತದೆಯೋ ಇಲ್ಲವೋ ಎಂಬುದನ್ನು ಅದರಿಂದಲೇ ತಿಳಿಯುವುದು ಲೇಸು.

ನಿಲ್ಲಿಸುವವರೆಗೂ ಸುತ್ತುತ್ತಲೇ ಇರುವ ವೈಲ್ ಟ್ರೂ ಲೂಪಿನೊಳಗೆ ಟ್ರೈ ಇಟ್ಟು, ಅದರಲ್ಲಿ ಇನ್‌ಪುಟ್ ಕೇಳಿ ಫ್ಲೋಟ್‌ನಿಂದ ಪರಿವರ್ತಿಸುವ ಒಂದು ಸಾಲನ್ನು ಮಾತ್ರ ಬರೆಯಿರಿ. ದೋಷ ಬಂದಾಗ ನಡೆಯುವ ಎಕ್ಸೆಪ್ಟ್ ಭಾಗದಲ್ಲಿ ‘ಕೆಜಿ ಬರೆಯದೆ ಅಂಕಿಯನ್ನಷ್ಟೇ ಕೊಡಿ, ಉದಾಹರಣೆಗೆ 65.5’ ಎಂದು ತೋರಿಸಿ, ಕಂಟಿನ್ಯೂ ಮೂಲಕ ಮತ್ತೆ ಕೇಳಿಸಿ. ಎಕ್ಸೆಪ್ಟ್ ಮುಂದೆ ವ್ಯಾಲ್ಯೂಎರರ್ ಎಂದು ಹೆಸರಿಸಲು ಮರೆಯಬೇಡಿ. ಹೆಸರಿಸದೆ ಬಿಟ್ಟರೆ ಪ್ರೋಗ್ರಾಂ ನಿಲ್ಲಿಸಲೆಂದು ಕಂಟ್ರೋಲ್-ಸಿ ಒತ್ತಿದ್ದನ್ನೂ ಅದೇ ನುಂಗಿಕೊಂಡು ತೂಕವನ್ನೇ ಕೇಳುತ್ತಾ ಕೂರುತ್ತದೆ, ನಿಲ್ಲಿಸಲು ಕಿಟಕಿಯನ್ನೇ ಮುಚ್ಚಬೇಕಾದೀತು.

ಇಷ್ಟಕ್ಕೆ ಕೆಲಸ ಮುಗಿಯಲಿಲ್ಲ. ಅವಸರದಲ್ಲಿ ಬಿಂದು ತಪ್ಪಿ 655 ಎಂದಾದರೆ ಫ್ಲೋಟ್ ತಕರಾರಿಲ್ಲದೆ ಒಪ್ಪುತ್ತದೆ, ಒಟ್ಟು ಲೆಕ್ಕದಲ್ಲಿ ಸುಮಾರು ಆರು ಕ್ವಿಂಟಲ್ ಅಡಿಕೆ ಹೆಚ್ಚುತ್ತದೆ. ಪ್ರೋಗ್ರಾಂ ನಿಂತುಹೋಗುವುದಕ್ಕಿಂತ ಇದು ಕೆಟ್ಟದ್ದು, ಏಕೆಂದರೆ ತಪ್ಪಾಗಿದ್ದು ಯಾರಿಗೂ ಕಾಣುವುದಿಲ್ಲ. ಒಂದು ಚೀಲ ಹೆಚ್ಚೆಂದರೆ ಎಷ್ಟು ತೂಗೀತು ಎಂದು ಅಪ್ಪಯ್ಯನನ್ನೇ ಕೇಳಿ. ಅವರು 100 ಎಂದರೆ, ತೂಕ ಸೊನ್ನೆಗಿಂತ ಹೆಚ್ಚಿದ್ದು 100 ಅನ್ನು ಮೀರದಿದ್ದಾಗ ಮಾತ್ರ ಒಟ್ಟಿಗೆ ಕೂಡಿಸಿ, ಬ್ರೇಕ್ ಹಾಕಿ ಲೂಪಿನಿಂದ ಹೊರಬನ್ನಿ. ಷರತ್ತನ್ನು ಹೀಗೆ ‘ಒಳಗಿದ್ದರೆ ಒಪ್ಪು’ ಎಂದೇ ಬರೆಯಬೇಕು. ‘ಎನ್‌ಎಎನ್’ (nan, ‘ಸಂಖ್ಯೆಯಲ್ಲ’ ಎಂಬುದರ ಹ್ರಸ್ವರೂಪ) ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನು ಕೊಟ್ಟರೂ ಫ್ಲೋಟ್ ಸ್ವೀಕರಿಸುತ್ತದೆ. ಆ ಮೌಲ್ಯ ಯಾವ ಸಂಖ್ಯೆಗೂ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲವಾದ್ದರಿಂದ ‘ಹೊರಗಿದ್ದರೆ ಬಿಡು’ ಎಂಬ ಷರತ್ತಿನಿಂದ ನುಣುಚಿಕೊಳ್ಳುತ್ತದೆ.

ಅಂದಹಾಗೆ, ಅಪ್ಪಯ್ಯ ಕನ್ನಡ ಅಂಕಿಗಳಲ್ಲಿ ೬೫.೫ ಎಂದು ಕೊಟ್ಟರೂ ಪೈಥಾನ್ 3ರ ಫ್ಲೋಟ್ ಅದನ್ನು 65.5 ಎಂದೇ ಓದುತ್ತದೆ. ಅದಕ್ಕಾಗಿ ನೀವು ಬೇರೆ ಸಾಲು ಬರೆಯಬೇಕಾಗಿಲ್ಲ.