ಶೇಂಗಾ ಎಲೆಯ ಚುಕ್ಕೆ ಮತ್ತು ಐದು ಲಕ್ಷದ ಬೇಸಿಗೆ

ಸಂಪಾದಕರಿಗೆ ನಮಸ್ಕಾರ. ನಾನು ದಾವಣಗೆರೆಯಲ್ಲಿ ಪ್ರಥಮ ಪಿಯುಸಿ ವಿಜ್ಞಾನ ಓದುತ್ತಿದ್ದೇನೆ. ಊರು ಚಳ್ಳಕೆರೆ ತಾಲ್ಲೂಕು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬೇಸಿಗೆ ಕಾರ್ಯಕ್ರಮಕ್ಕೆ ಸೇರುವ ಆಸೆಯಿದೆ. ಅಲ್ಲಿನದೇ ಎಂಐಟಿ ಎಂಬ ತಂತ್ರಜ್ಞಾನ ಸಂಸ್ಥೆಯಲ್ಲೂ ಒಂದು ನಡೆಯುತ್ತದಂತೆ. ಇನ್ನೊಂದು ಸಂಸ್ಥೆ, ನಾನು ಅರ್ಜಿ ಹಾಕದಿದ್ದರೂ, ‘ನೀವು ಆಯ್ಕೆಯಾಗಿದ್ದೀರಿ’ ಎಂದು ಇಮೇಲ್ ಕಳಿಸಿದೆ. ಅಪ್ಪ ಎರಡು ಎಕರೆ ಮಾರಲೂ ಸಿದ್ಧರಿದ್ದಾರೆ. ಯಾವುದನ್ನು ಆರಿಸಲಿ? ನಮ್ಮ ಶೇಂಗಾ ಎಲೆಗೆ ಪ್ರತಿ ವರ್ಷ ಚುಕ್ಕೆ ಏಕೆ ಬೀಳುತ್ತದೆ ಎಂದು ತಿಳಿಯಬೇಕೆಂಬುದು ನನ್ನ ಬಹುದಿನದ ಹಂಬಲ.
– ವಿದ್ಯಾರ್ಥಿನಿ, ದಾವಣಗೆರೆ

ತಂಗಿ,

ಹೊಲ ಮಾರುವುದು ಬೇಡವೆಂದು ಅಪ್ಪನಿಗೆ ಇಂದೇ ಫೋನ್ ಮಾಡಿ ಹೇಳು.

ಕೇಳದೆ ಬಂದ ಆ ಆಯ್ಕೆಪತ್ರವನ್ನು ಅಳಿಸಿಬಿಡು. ರಜೆಯಲ್ಲಿ ದೊಡ್ಡ ವಿಶ್ವವಿದ್ಯಾಲಯಗಳ ಕಟ್ಟಡಗಳನ್ನು ಬಾಡಿಗೆಗೆ ಹಿಡಿದು ಶಿಬಿರ ನಡೆಸುವ ಖಾಸಗಿ ಸಂಸ್ಥೆಗಳಿವೆ. ಪಾಠ ಮಾಡುವವರು ಯಾರು, ಪ್ರಮಾಣಪತ್ರಕ್ಕೆ ಸಹಿ ಹಾಕುವವರು ಯಾರು ಎಂದು ಕೇಳಿದರೆ ನಿಜ ಹೊರಬೀಳುತ್ತದೆ. ಕಳೆದ ವರ್ಷ ಒಬ್ಬ ತಂದೆ ಅಂಥದೊಂದು ಪ್ರಮಾಣಪತ್ರವನ್ನು ಜೋಪಾನವಾಗಿ ಪ್ಲಾಸ್ಟಿಕ್ ಹಾಳೆಯೊಳಗಿಟ್ಟು ನಮ್ಮ ಕಚೇರಿಗೆ ತಂದಿದ್ದರು. ಮಗನಿಗೆ ಅಲ್ಲಿ ಸೀಟು ಖಾತರಿಯೆಂದು ನಂಬಿದ್ದರು. ಹಾಗಲ್ಲವೆಂದು ಹೇಳುವಾಗ ನನ್ನ ಗಂಟಲು ಕಟ್ಟಿತ್ತು.

ಯೇಲ್‌ನದನ್ನು ವಿಶ್ವವಿದ್ಯಾಲಯವೇ ನಡೆಸುತ್ತದೆ, ಎರಡು ವಾರ. ಶುಲ್ಕ ಆರು ಸಾವಿರ ಡಾಲರ್ ದಾಟುತ್ತದೆ, ಎಂದರೆ ಐದು ಲಕ್ಷ ರೂಪಾಯಿಗೂ ಮೇಲೆ. ವಿಮಾನದ ಖರ್ಚು ಬೇರೆ. ಕುಟುಂಬದ ಆದಾಯ ನೋಡಿ ನೆರವು ಕೊಡುತ್ತಾರೆ. ಅರ್ಜಿ ಹಾಕುವುದಾದರೆ ನೆರವನ್ನೂ ಕೇಳು, ಸಿಗದಿದ್ದರೆ ಬಿಟ್ಟುಬಿಡು. ಅಲ್ಲಿಗೆ ಹೋಗಿಬಂದ ಮಾತ್ರಕ್ಕೆ ಮುಂದೆ ಪದವಿ ಪ್ರವೇಶ ಸುಲಭವಾಗುವುದಿಲ್ಲ. ಎಂಐಟಿಯಲ್ಲಿ ನಡೆಯುವ ರಿಸರ್ಚ್ ಸೈನ್ಸ್ ಇನ್‌ಸ್ಟಿಟ್ಯೂಟ್ ಆರು ವಾರಗಳದು. ವಿದ್ಯಾರ್ಥಿಗಳಿಂದ ಶುಲ್ಕ ಪಡೆಯುವುದಿಲ್ಲ, ಆಯ್ಕೆ ಮಾತ್ರ ಬಹಳ ಕಠಿಣ. ಇವು ನಡೆಯುವುದು ಜೂನ್ ಕೊನೆಯಿಂದ ಆಗಸ್ಟ್ ಆರಂಭದವರೆಗಿನ ದಿನಗಳಲ್ಲಿ. ಅವರಿಗೆ ಬೇಸಿಗೆ, ನಿನಗೆ ಮುಂಗಾರು, ದ್ವಿತೀಯ ಪಿಯುಸಿ ತರಗತಿಗಳು, ಶೇ 75ರ ಹಾಜರಾತಿಯ ನಿಯಮ. ಎರಡು ವಾರ ತಪ್ಪಿದರೆ ತುಂಬಿಕೊಳ್ಳಬಹುದು, ಆರು ವಾರ ಕಷ್ಟ.

ನಿನ್ನ ಪತ್ರದ ಕೊನೆಯ ಸಾಲನ್ನು ನಾನು ಮೂರು ಸಲ ಓದಿದೆ. ಅದು ತಿಕ್ಕಾ ರೋಗವಿರಬೇಕು. ಶಿಲೀಂಧ್ರದಿಂದ ಬರುತ್ತದೆ, ಹಿಂದಿನ ಬೆಳೆಯ ಕಸದಲ್ಲಿ ಉಳಿದುಕೊಂಡು ಮುಂದಿನ ಬೆಳೆಗೆ ಹತ್ತುತ್ತದೆ. ಅದರಲ್ಲಿ ಎರಡು ಬಗೆ. ಬೇಗ ಕಾಣುವ ಚುಕ್ಕೆಯ ಸುತ್ತ ಸಾಮಾನ್ಯವಾಗಿ ಹಳದಿ ಉಂಗುರವಿರುತ್ತದೆ, ತಡವಾಗಿ ಕಾಣುವುದು ಎಲೆಯ ಅಡಿಯಲ್ಲಿ ಕಡುಗಪ್ಪಾಗಿರುತ್ತದೆ. ನಿಮ್ಮ ಹೊಲದ್ದು ಯಾವುದು? ಈ ಪ್ರಶ್ನೆ ನಿನ್ನದು, ನಿನಗೆ ಯಾರೂ ಕೊಟ್ಟದ್ದಲ್ಲ. ನನ್ನ ಆಯ್ಕೆ ಕೇಳಿದರೆ, ಏಪ್ರಿಲ್–ಮೇ ರಜೆಯನ್ನು ಇದಕ್ಕೇ ಕೊಡು. ಹಿರಿಯೂರಿನ ಬಬ್ಬೂರು ಫಾರಂನಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ದಾವಣಗೆರೆಯಲ್ಲಿ ತರಳಬಾಳು ಕೃಷಿ ವಿಜ್ಞಾನ ಕೇಂದ್ರವಿದೆ. ಜೀವಶಾಸ್ತ್ರದ ಉಪನ್ಯಾಸಕರಿಂದ ಒಂದು ಪತ್ರ ಬರೆಸಿಕೊಂಡು ಹೋಗಿ, ಸೂಕ್ಷ್ಮದರ್ಶಕದಲ್ಲಿ ಶಿಲೀಂಧ್ರದ ಬೀಜಾಣು ನೋಡುವುದನ್ನು ಕಲಿಸಿ ಎಂದು ಕೇಳು. ಒಬ್ಬರು ಇಲ್ಲವೆಂದರೆ ಇನ್ನೊಬ್ಬರನ್ನು ಕೇಳು, ಸಂಕೋಚ ಬೇಡ. ನಿಮ್ಮ ತಾಲ್ಲೂಕಿನ ಕುದಾಪುರದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ. ಅಲ್ಲಿ ವಿಜ್ಞಾನ ಶಿಕ್ಷಕರಿಗೆ ತರಬೇತಿ ನಡೆಯುತ್ತದೆ, ನಿನ್ನ ಉಪನ್ಯಾಸಕರಿಗೆ ಇದನ್ನೂ ತಿಳಿಸು.

ಮನೆಯಲ್ಲಿ ಒಂಬತ್ತನೇ ತರಗತಿಯ ತಮ್ಮನೋ ತಂಗಿಯೋ ಇದ್ದರೆ ಶಾಲಾ ಮಕ್ಕಳಿಗೆ ಬಾಹ್ಯಾಕಾಶ ವಿಜ್ಞಾನ ಕಲಿಸುವ ಇಸ್ರೋದ ಯುವಿಕಾ ಕಾರ್ಯಕ್ರಮಕ್ಕೆ ಅರ್ಜಿ ಹಾಕಿಸು. 2019ರಲ್ಲಿ ಆರಂಭವಾದದ್ದು, ಖರ್ಚನ್ನು ಇಸ್ರೋ ಭರಿಸುತ್ತದೆ.

ಆಗಸ್ಟ್‌ನಲ್ಲಿ ನಿಮ್ಮ ಹೊಲದ ಎಲೆಯ ಎರಡೂ ಬದಿಯ ಚಿತ್ರ ಬಿಡಿಸಿ, ಚುಕ್ಕೆ ಮೊದಲು ಕಂಡ ದಿನಾಂಕ ಬರೆದು ಕಳಿಸು. ಈ ಪುಟದಲ್ಲೇ ಪ್ರಕಟಿಸುತ್ತೇನೆ.

– ಸಂಪಾದಕ