ಜಾಯಿಕಾಯಿಗೆ ಸುಣ್ಣವೇಕೆ?

ಪ್ರಶ್ನೆ: ಡಚ್ಚರು ಜಾಯಿಕಾಯಿಗೆ ಸುಣ್ಣ ಹಚ್ಚಿ ಮಾರುತ್ತಿದ್ದರಂತೆ, ಏಕೆ? ಅವರ ಏಕಸ್ವಾಮ್ಯ ಮುರಿದದ್ದು ಹೇಗೆ?

ಉತ್ತರ: ಬೇರೆಯವರು ಬಿತ್ತಿ ಬೆಳೆಯಬಾರದೆಂದು. ಆಗ ಜಾಯಿಕಾಯಿಯ ತವರು ಇಂಡೋನೇಷ್ಯಾದ ಪುಟ್ಟ ಬಾಂಡಾ ದ್ವೀಪಗಳು. 1621ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಯಾನ್ ಪೀಟರ್ಸೂನ್ ಕೂನ್ ಅವನ್ನು ಗೆದ್ದಾಗ ಸುಮಾರು 15,000 ನಿವಾಸಿಗಳಲ್ಲಿ ಉಳಿದವರು ಸಾವಿರದಷ್ಟು. ತೋಟದ ಕೆಲಸಕ್ಕೆ ಗುಲಾಮರನ್ನು ತಂದರು. ಈ ಕ್ರೌರ್ಯವನ್ನು ಬದಿಗಿಟ್ಟು ಸಾಂಬಾರ ವ್ಯಾಪಾರದ ವೈಭವ ಹೊಗಳುವುದು ಸರಿಯಲ್ಲ.

ಕಾಯಿಯನ್ನು ಹೊಗೆಯಲ್ಲಿ ವಾರಗಟ್ಟಲೆ ಒಣಗಿಸಿ, ಚಿಪ್ಪಿನೊಳಗೆ ಬೀಜ ಗಲಗಲ ಎಂದಾಗ ಒಡೆದು, ಸುಣ್ಣದ ನೀರಿಗೆ ಅದ್ದುತ್ತಿದ್ದರು. ನಿಜವಾಗಿ ಮೊಳಕೆಯ ಶಕ್ತಿ ಸಾಯುತ್ತಿದ್ದುದು ಒಣಗಿದ್ದರಿಂದಲೇ. ಸುಣ್ಣ ಹುಳು ತಡೆಯುತ್ತಿತ್ತು.

1770ರ ಸುಮಾರಿಗೆ ಫ್ರೆಂಚರು ಮಾರಿಷಸ್‌ಗೆ ಸಸಿಗಳನ್ನು ಕದ್ದೊಯ್ದರು. 1796ರಲ್ಲಿ ಬಾಂಡಾ ಹಿಡಿದ ಬ್ರಿಟಿಷರು ಈಗಿನ ಮಲೇಷ್ಯಾದ ಪೆನಾಂಗ್‌ಗೂ ಸಾಗಿಸಿದರು. ಸಾಲದಲ್ಲಿ ಮುಳುಗಿದ್ದ ಡಚ್ ಕಂಪನಿ 1799ರ ಡಿಸೆಂಬರ್ 31ಕ್ಕೆ ಕೊನೆಗೊಂಡಿತು.