ಹವ್ಯಾಸಿ ಗುದ್ದಾಟ: ನಿಷೇಧಿಸಬೇಕಾದ್ದು ಯಾವುದನ್ನು?

ಪ್ರಶ್ನೆ: ಶುಲ್ಕ ಕಟ್ಟಿದ ಯಾರನ್ನಾದರೂ ರಿಂಗಿಗೆ ಇಳಿಸುವ ಹವ್ಯಾಸಿ ಸ್ಪರ್ಧೆಗಳನ್ನು ನಿಷೇಧಿಸಬೇಕೆಂಬ ಕೂಗಿದೆ. ವೃತ್ತಿಪರ ಬಾಕ್ಸಿಂಗ್ ಇದಕ್ಕಿಂತ ಕ್ರೂರವಲ್ಲವೇ?

ಉತ್ತರ: ಗುದ್ದಿನ ಬಲವಷ್ಟನ್ನೇ ನೋಡಿದರೆ ವೃತ್ತಿಪರರದೇ ಹೆಚ್ಚು. ಆದರೆ ಅವರ ಸುತ್ತ ಒಂದು ಕಾವಲಿದೆ. ಅಮೆರಿಕದ 1996ರ ಬಾಕ್ಸಿಂಗ್ ಸುರಕ್ಷತಾ ಕಾಯ್ದೆಯನ್ನೇ ನೋಡಿ. ಪಂದ್ಯಕ್ಕೆ ಮೊದಲು ವೈದ್ಯಕೀಯ ತಪಾಸಣೆ, ರಿಂಗಿನ ಪಕ್ಕದಲ್ಲೇ ವೈದ್ಯರು, ಸ್ಥಳದಲ್ಲಿ ತುರ್ತು ಚಿಕಿತ್ಸೆಯ ಏರ್ಪಾಡು, ಗಾಯಕ್ಕೆ ವಿಮೆ, ಇಷ್ಟನ್ನೂ ಅದು ಕಡ್ಡಾಯ ಮಾಡಿತು. ಆದರೆ ಅದು ವೃತ್ತಿಪರರಿಗೆ ಮಾತ್ರ. ಸಂಭಾವನೆ ಇಲ್ಲ, ಬರೀ ಟ್ರೋಫಿ ಎಂದುಬಿಟ್ಟರೆ ಇಂಥ ಕಾನೂನಿನ ಕೈಯಿಂದ ಆಯೋಜಕ ನುಣುಚಿಕೊಳ್ಳಬಹುದು. ಅನುಭವ ಕಡಿಮೆ ಇರುವವನಿಗೇ ರಕ್ಷಣೆಯೂ ಕಡಿಮೆ. ನಮ್ಮ ಆಕ್ಷೇಪ ಇರುವುದು ಇಲ್ಲಿ.

ಸಾವು ಹೇಗೆ ಬರುತ್ತದೆಂದು ತಿಳಿದರೆ ಇದು ಸ್ಪಷ್ಟವಾಗುತ್ತದೆ. ದವಡೆಗೆ ಪಕ್ಕದಿಂದ ಬಿದ್ದ ಗುದ್ದಿಗೆ ತಲೆ ರಪ್ಪನೆ ಪಕ್ಕಕ್ಕೆ ಹೊರಳುತ್ತದೆ. ಬುರುಡೆಯ ವೇಗಕ್ಕೆ ಮಿದುಳು ಹಿಂದೆ ಬೀಳುತ್ತದೆ. ಆಗ ಮಿದುಳಿನ ಮೇಲ್ಮೈಯಿಂದ ಹೊದಿಕೆಗೆ ಹೋಗುವ ಸಣ್ಣ ರಕ್ತನಾಳಗಳು ಹರಿಯಬಹುದು. ಹರಿದ ಕೂಡಲೇ ಎಲ್ಲರೂ ಕುಸಿಯುವುದಿಲ್ಲ. ನಡೆದುಕೊಂಡೇ ಕೋಣೆಗೆ ಹೋದವನಿಗೆ ಸ್ವಲ್ಪ ಹೊತ್ತಿಗೆ ತಲೆನೋವು, ವಾಂತಿ, ತೊದಲು ಶುರುವಾಗುತ್ತದೆ. ಒಂದು ಕಣ್ಣಿನ ಪಾಪೆ ಹಿಗ್ಗಿದರೆ ಒಳಗೆ ಒತ್ತಡ ವಿಪರೀತ ಏರಿದೆ ಎಂದರ್ಥ. ತಕ್ಷಣ ಶಸ್ತ್ರಚಿಕಿತ್ಸೆ ಆಗಬೇಕು. ‘ಸುಸ್ತಾಗಿದ್ದಾನೆ, ಮಲಗಲಿ’ ಎಂದು ಬಿಟ್ಟರೆ ಜೀವವೇ ಹೋಗಬಹುದು.

ತರಬೇತಿ ಇಲ್ಲದವನು ದಣಿದಾಗ ಮೊದಲು ಕೈ ಇಳಿಸುತ್ತಾನೆ, ಆಮೇಲೆ ಗದ್ದ ಎತ್ತುತ್ತಾನೆ. ಗುದ್ದು ಬರುವುದು ಕಾಣದೆ ಕತ್ತು ಬಿಗಿಹಿಡಿಯುವುದೂ ಆಗುವುದಿಲ್ಲ. ಪಳಗಿದ ರೆಫರಿ ಆ ಘಟ್ಟದಲ್ಲೇ ಪಂದ್ಯ ನಿಲ್ಲಿಸುತ್ತಾರೆ. ಜನರ ಕೂಗಿಗೆ ಮಣಿಯುವವರು ಇನ್ನೂ ನಾಲ್ಕು ಗುದ್ದು ಬೀಳಲು ಬಿಡುತ್ತಾರೆ. ಎಲ್ಲಕ್ಕಿಂತ ಕೆಟ್ಟದ್ದು ಸೋತವರು ಹೊರಬಿದ್ದು, ಗೆದ್ದವರು ಒಂದೇ ರಾತ್ರಿ ಎರಡು ಮೂರು ಸಲ ಸೆಣಸುವ ನಾಕೌಟ್ ಪದ್ಧತಿ. ಮೊದಲ ಪಂದ್ಯದಲ್ಲಿ ಪೆಟ್ಟು ತಿಂದ ಮಿದುಳು ಚೇತರಿಸಿಕೊಳ್ಳುವ ಮೊದಲೇ ಇನ್ನೊಂದು ಪೆಟ್ಟು ಬಿದ್ದರೆ, ಅದು ಸಣ್ಣದಾದರೂ ಮಿದುಳು ಊದಿಕೊಳ್ಳಬಹುದು.

ಪ್ರಶ್ನೆ: ಹೆಡ್‌ಗಾರ್ಡ್ ಮತ್ತು ದಪ್ಪ ಗ್ಲೌಸ್ ಕಡ್ಡಾಯ ಮಾಡಿದರೆ ಸಾಲದೇ?

ಉತ್ತರ: ಸಾಲದು. ಹೆಡ್‌ಗಾರ್ಡ್ ಹುಬ್ಬು, ಕಿವಿ ಹರಿಯದಂತೆ ಕಾಯುತ್ತದೆ, ಗುದ್ದಿಗೆ ತಲೆ ಹೊರಳುವುದನ್ನು ತಡೆಯುವುದಿಲ್ಲ. ಅಂತರರಾಷ್ಟ್ರೀಯ ಹವ್ಯಾಸಿ ಬಾಕ್ಸಿಂಗ್ ಸಂಸ್ಥೆ 2013ರಲ್ಲಿ ವಯಸ್ಕ ಪುರುಷರಿಗೆ ಅದನ್ನು ಕೈಬಿಟ್ಟಿತು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಪುರುಷರು ಅದಿಲ್ಲದೆಯೇ ಆಡಿದರು. ಗ್ಲೌಸ್ ಕಾಯುವುದು ಮುಖ್ಯವಾಗಿ ಹೊಡೆಯುವವನ ಬೆರಳನ್ನು. ಬರಿಗೈ ಮುರಿಯುವ ಭಯ ಇಲ್ಲದಿದ್ದಾಗ ತಲೆಗೆ ಬೀಳುವ ಗುದ್ದುಗಳು ಹೆಚ್ಚಾಗುತ್ತವೆ.

ಪ್ರಶ್ನೆ: ಹಾಗಾದರೆ ಪೂರ್ತಿ ನಿಷೇಧವೇ ಸರಿಯೇ?

ಉತ್ತರ: ಆಟವನ್ನಲ್ಲ, ಶುಲ್ಕ ಕಟ್ಟಿದ ಯಾರನ್ನಾದರೂ ಕಾವಲಿಲ್ಲದೆ ರಿಂಗಿಗೆ ಇಳಿಸುವ ಪದ್ಧತಿಯನ್ನು ನಿಷೇಧಿಸಬೇಕು. ಐಸ್‌ಲ್ಯಾಂಡ್ 1956ರಲ್ಲಿ ಬಾಕ್ಸಿಂಗನ್ನೇ ನಿಷೇಧಿಸಿ, 2002ರಲ್ಲಿ ಹವ್ಯಾಸಿ ಬಾಕ್ಸಿಂಗಿಗೆ ಮತ್ತೆ ಅನುಮತಿ ಕೊಟ್ಟಿತು. ಪೂರ್ತಿ ಬಾಗಿಲು ಹಾಕಿದರೆ ವೈದ್ಯರು, ರೆಫರಿಗಳು ದೂರ ಸರಿಯುತ್ತಾರೆ. ಗುದ್ದಾಟ ಗೋದಾಮಿಗೆ ಹೋಗುತ್ತದೆ.

ಕಾನೂನು ಹಣವನ್ನಲ್ಲ, ಗುದ್ದನ್ನು ನೋಡಲಿ: ತಲೆಗೆ ಹೊಡೆಯಲು ಅವಕಾಶವಿರುವ, ಪ್ರೇಕ್ಷಕರ ಮುಂದೆ ನಡೆಯುವ ಪ್ರತಿ ಪಂದ್ಯಕ್ಕೂ ಪರವಾನಗಿ ಬೇಕು. ಒಬ್ಬನಿಗೆ ದಿನಕ್ಕೆ ಒಂದೇ ಪಂದ್ಯ. ಪ್ರತಿ ಸ್ಪರ್ಧಿಗೂ ವೈದ್ಯಕೀಯ ದಾಖಲೆಯ ಪುಸ್ತಕವಿರಬೇಕು. ತಲೆಪೆಟ್ಟಿನಿಂದ ಸೋತರೆ ಕನಿಷ್ಠ 30 ದಿನ ರಿಂಗಿಗೂ ಇಲ್ಲ, ತರಬೇತಿಯ ಗುದ್ದಾಟಕ್ಕೂ ಇಲ್ಲ ಎಂದು ಅದರಲ್ಲಿ ಬರೆಯಬೇಕು. ಬೇರೆ ಊರಿನ ಆಯೋಜಕನೂ ಅದನ್ನು ನೋಡಲೇಬೇಕು. ‘ಏನಾದರೂ ಆದರೆ ನಾನೇ ಹೊಣೆ’ ಎಂದು ಸ್ಪರ್ಧಿ ಸಹಿ ಹಾಕಿದ ಕಾಗದ ಆಯೋಜಕನನ್ನು ಉಳಿಸಬಾರದು. ಗಾಯಾಳುವನ್ನು ಹೊತ್ತು ಆಂಬುಲೆನ್ಸ್ ಹೊರಟರೆ, ಇನ್ನೊಂದು ಬಂದು ನಿಲ್ಲುವವರೆಗೆ ಮುಂದಿನ ಗಂಟೆ ಬಾರಿಸುವಂತಿಲ್ಲ.